ಅಕ್ಷರದವ್ವನ ಮನೆಯ ಬಾಗಿಲು

[ದೃಶ್ಯ: ಕಲಬುರಗಿ ಸಮೀಪದ ಹೊಲ. ಜನವರಿ ಬೆಳಗು. ತೊಗರಿ ರಾಶಿ ನಡೆದಿದೆ.]

ಎಲ್ಲರಿಗೂ ನಮಸ್ಕಾರ. ಜನವರಿ ಅಂದರೆ ನಮ್ಮ ಕಡೆ ತೊಗರಿ ರಾಶಿಯ ಕಾಲ. ಹೊಲದಲ್ಲಿ ಎಷ್ಟು ಕೈ ಇದ್ದರೂ ಸಾಲುವುದಿಲ್ಲ. ತಮ್ಮನನ್ನು ನೋಡಿಕೊಳ್ಳಲು, ರೊಟ್ಟಿ ಬಡಿಯಲು ಮನೆಯ ಹುಡುಗಿ ಶಾಲೆ ಬಿಡುತ್ತಾಳೆ. ಇದೇ ಜನವರಿ 3ರ ಜಯಂತಿಗೆ ಶಾಲೆಯಲ್ಲಿ ಸಾವಿತ್ರಿಬಾಯಿ ಫುಲೆ ಅವರ ಫೋಟೋಗೆ ಹಾರ ಹಾಕುತ್ತೇವೆ. ಅಕ್ಷರದವ್ವ ಅನ್ನುತ್ತೇವೆ. ಅವರು ತೆರೆದ ಶಾಲೆಯ ಕಥೆ ನಿಮಗೆ ಗೊತ್ತು. ಇವತ್ತು ಅವರ ಮನೆಯ ಕಥೆ ಹೇಳುತ್ತೇನೆ. ನನಗೆ ಅದೇ ದೊಡ್ಡದು ಅನಿಸುತ್ತದೆ.

[ದೃಶ್ಯ: ಕಲಬುರಗಿ ಸ್ಟೇಷನ್. ಉದ್ಯಾನ್ ಎಕ್ಸ್‌ಪ್ರೆಸ್ ಹೊರಡುತ್ತದೆ.]

ಈ ರೈಲು ಹತ್ತಿದರೆ ಸೊಲ್ಲಾಪುರ ದಾಟಿ ಪುಣೆ. ಕೆಲಸ ಹುಡುಕಿಕೊಂಡು ನಮ್ಮ ಜನ ಹೋಗುವ ದಾರಿ ಇದು. ಸಾತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ 1831ರಲ್ಲಿ ಹುಟ್ಟಿದ ಸಾವಿತ್ರಿಬಾಯಿ ಪುಣೆಗೆ ಬಂದದ್ದು ಸೊಸೆಯಾಗಿ. ಮದುವೆಯಾದಾಗ ವಯಸ್ಸು 9. ಗಂಡ ಜ್ಯೋತಿರಾವ್‌ಗೆ 13. ಓದು ಬರಹ ಕಲಿತದ್ದೇ ಮದುವೆಯಾದ ಮೇಲೆ.

1848ರಲ್ಲಿ ಪುಣೆಯ ಭಿಡೇವಾಡಾದಲ್ಲಿ ಹುಡುಗಿಯರ ಶಾಲೆ ಶುರುವಾಯಿತು. ಪಾಠ ಮಾಡಲು ನಡೆದು ಹೋಗುವಾಗ ಜನ ಸೆಗಣಿ, ಕೆಸರು ಎಸೆಯುತ್ತಿದ್ದರು. ಶಾಲೆಗೆ ಹೋಗಿ ಉಡಲು ಚೀಲದಲ್ಲಿ ಇನ್ನೊಂದು ಸೀರೆ ಇರುತ್ತಿತ್ತು. ಬೀದಿಯ ಕಾಟ ಸಾಲದೆಂದು 1849ರಲ್ಲಿ ಮಾವ ಮನೆಯಿಂದಲೇ ಹೊರಗೆ ಹಾಕಿದರು. ಊರಿನ ಒತ್ತಡ ಅವರ ಮೇಲೂ ಇತ್ತು. ಆಗ ಬಾಗಿಲು ತೆರೆದವರು ಜ್ಯೋತಿರಾವ್ ಗೆಳೆಯ ಉಸ್ಮಾನ್ ಶೇಖ್. ಅದೇ ಮನೆಯ ಫಾತಿಮಾ ಶೇಖ್ ಸಾವಿತ್ರಿಬಾಯಿ ಜೊತೆ ನಿಂತು ಪಾಠ ಮಾಡಿದರು. ಒಂದೇ ಓಣಿಯಲ್ಲಿ ದರ್ಗಾ, ಗುಡಿ ಎರಡಕ್ಕೂ ಕೈ ಮುಗಿದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

[ದೃಶ್ಯ: ಹಳೆಯ ಬಾವಿ, ಹಗ್ಗ, ಕೊಡ.]

ಮನೆ ಕಳೆದುಕೊಂಡ ಆ ಹೆಣ್ಣುಮಗಳು ಮುಂದೆ ತನ್ನ ಮನೆಯನ್ನು ಏನು ಮಾಡಿದಳು ನೋಡಿ.

ಆ ಕಾಲದಲ್ಲಿ ಎಳೆಯ ವಯಸ್ಸಿನ ವಿಧವೆಯರು ಬಸಿರಾದರೆ ಎರಡೇ ದಾರಿ. ಬಾವಿಗೆ ಬೀಳಬೇಕು, ಇಲ್ಲಾ ಹುಟ್ಟಿದ ಕೂಸನ್ನು ಕೊಲ್ಲಬೇಕು. ಮೋಸ ಮಾಡಿದ ಗಂಡಸನ್ನು ಯಾರೂ ಕೇಳುತ್ತಿರಲಿಲ್ಲ. 1863ರಲ್ಲಿ ಫುಲೆ ದಂಪತಿ ಅಂಥವರಿಗಾಗಿ ಹೆರಿಗೆಯ ಆಸರೆ ಮನೆ ತೆರೆದರು. ಯಾರ ಮಗು, ಯಾವ ಜಾತಿ ಎಂದು ವಿಚಾರಣೆ ಇಲ್ಲ. ಹೆರಿಗೆ, ಬಾಣಂತನ ನೋಡಿಕೊಂಡವರು ಸಾವಿತ್ರಿಬಾಯಿ. ಹೀಗೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗನನ್ನೇ ದತ್ತು ತೆಗೆದುಕೊಂಡರು. ಯಶವಂತ ಎಂದು ಹೆಸರಿಟ್ಟು ಡಾಕ್ಟರ್ ಮಾಡಿದರು.

1868ರಲ್ಲಿ ಅಂಗಳದ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಜನರಿಗೆ ಬಿಟ್ಟುಕೊಟ್ಟರು. ಅದೇ ವರ್ಷ ತವರಿನಿಂದ ಗಂಡನಿಗೆ ಬರೆದ ಒಂದು ಪತ್ರವಿದೆ. ಓದುವಾಗ ನನ್ನ ಮೈ ಝುಮ್ಮೆಂದಿತು. ಗಣೇಶ ಬ್ರಾಹ್ಮಣ ಹುಡುಗ, ಸಾರ್ಜಾ ದಲಿತ ಹುಡುಗಿ, ಬಸುರಿ. ಊರ ಜನ ಇಬ್ಬರನ್ನೂ ಹೊಡೆಯುತ್ತಾ, ಕೊಲ್ಲಲೆಂದು ಮೆರವಣಿಗೆ ಮಾಡುತ್ತಿದ್ದರು. ಸಾವಿತ್ರಿಬಾಯಿ ಓಡಿ ಹೋಗಿ ಅಡ್ಡ ನಿಂತರು. ಕೊಂದರೆ ಬ್ರಿಟಿಷ್ ಕಾನೂನು ಬಿಡುವುದಿಲ್ಲ ಎಂದು ಹೆದರಿಸಿದರು. ಜೋಡಿಯನ್ನು ಉಳಿಸಿ ಜ್ಯೋತಿರಾವ್ ಬಳಿಗೆ ಕಳಿಸಿದರು. ಜಾತಿ ಮೀರಿದ ಪ್ರೀತಿಗೆ ಇವತ್ತಿಗೂ ರಕ್ತ ಹರಿಯುವ ನಾಡಿನಲ್ಲಿ ಈ ಪತ್ರವನ್ನು ಜಯಂತಿಯ ದಿನ ಓದಬೇಕು. ಹಾರ ಹಾಕುವ ಮೊದಲೇ ಓದಬೇಕು.

[ದೃಶ್ಯ: ಯಾದಗಿರಿ ಬಸ್ ಸ್ಟ್ಯಾಂಡ್. ಬ್ಯಾಗ್ ಹೊತ್ತ ಹುಡುಗಿಯರು ಬಸ್ಸಿಗೆ ಕಾಯುತ್ತಿದ್ದಾರೆ.]

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 41ರ ಆಸುಪಾಸು. ಇಲ್ಲಿ ಹುಡುಗಿಯ ಓದು ನಿಲ್ಲುವುದು ದಡ್ಡತನದಿಂದ ಅಲ್ಲ. ಹೈಸ್ಕೂಲು ದೂರ. ಬಸ್ಸು ಸಮಯಕ್ಕೆ ಇಲ್ಲ. ಹಾಸ್ಟೆಲ್‌ನಲ್ಲಿ ಸೀಟು ಸಿಗದಿದ್ದರೆ "ಸಾಕು ಬಿಡವ್ವ, ಮುಂದ ಓದಿ ಏನ್ ಮಾಡ್ತಿ" ಅನ್ನುವ ಮಾತು. ಆಮೇಲೆ ಮದುವೆ. ಅದಕ್ಕೇ ಹೇಳುವುದು, ನೀರು, ಸೂರು, ಬಾಣಂತನ ಎಲ್ಲವನ್ನೂ ಸಾವಿತ್ರಿಬಾಯಿ ಪಾಠದ ಜೊತೆಗೇ ಹಿಡಿದದ್ದು ಸುಮ್ನೆ ಅಲ್ಲ. ಇವತ್ತು ನಮ್ಮ ಹಳ್ಳಿಯ ಟೀಚರಮ್ಮ ಶಾಲೆಗೆ ಬಾರದ ಹುಡುಗಿಯ ಮನೆಗೆ ನಡೆದು ಹೋಗಿ, ಕಟ್ಟೆ ಮೇಲೆ ಕೂತು, ಅವರಪ್ಪನಿಗೆ ತಿಳಿಸಿ ಹೇಳುತ್ತಾರಲ್ಲ, ಆ ಕೆಲಸ ಅಲ್ಲಿಂದ ಬಂದದ್ದು.

[ದೃಶ್ಯ: ಸಂಜೆ. ಒಂಟಿ ಕಾಲುದಾರಿ.]

1897. ಪುಣೆಯಲ್ಲಿ ಪ್ಲೇಗ್ ಹಬ್ಬಿತ್ತು. ಮಗ ಯಶವಂತ ಊರ ಹೊರಗೆ ರೋಗಿಗಳಿಗಾಗಿ ದವಾಖಾನೆ ತೆರೆದರು. ಜನ ತಮ್ಮವರನ್ನೇ ಮುಟ್ಟಲು ಹೆದರುತ್ತಿದ್ದ ದಿನಗಳು. ಪುಣೆ ಹತ್ತಿರದ ಮುಂಢ್ವಾದ ದಲಿತ ಕೇರಿಯಲ್ಲಿ ಪಾಂಡುರಂಗ ಎಂಬ ಹುಡುಗನಿಗೆ ಪ್ಲೇಗ್ ತಗುಲಿದೆ ಎಂದು ಗೊತ್ತಾಯಿತು. 66 ವರ್ಷದ ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತು ಮಗನ ದವಾಖಾನೆಗೆ ತಂದರು. ಹುಡುಗ ಬದುಕಿದ. ರೋಗ ಅವರಿಗೆ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು.