ಎತ್ತರಿಸಿದ ಜಿಮ್ನಿ, ಅಲೆಯುವ ಸ್ಟೇರಿಂಗ್

ಕೇಳುಗರಿಗೆ ನಮಸ್ಕಾರ.

ಸಕಲೇಶಪುರದ ಕಡೆಯ ತೋಟದ ದಾರಿಗಳು ಮಳೆಗಾಲದಲ್ಲಿ ಹೇಗಿರುತ್ತವೆ, ನಿಮಗೆ ಗೊತ್ತಲ್ವಾ? ಚಕ್ರ ಹೋಗುವ ಕಡೆ ಗುಂಡಿ, ನಡುವೆ ದಿಬ್ಬ. ಗಾಡಿಯ ಹೊಟ್ಟೆ ಉಜ್ಜುತ್ತದೆ ಅಂತ ನನ್ನ ಮಾರುತಿ ಜಿಮ್ನಿಗೆ, ಗಾಡಿಯನ್ನು ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ಹಾಕಿಸಿದೆ. ಬಾಡಿ ಮೇಲೆ ಬಂತು. ಎರಡು ಚಕ್ರಗಳನ್ನು ಸೇರಿಸುವ ಆಕ್ಸಲ್ ಮಾತ್ರ ಇದ್ದಲ್ಲೇ ಇತ್ತು. ಅದನ್ನು ಎತ್ತಲು ದೊಡ್ಡ ಟೈರೇ ಬೇಕು. ಇದನ್ನು ಕಿಟ್ ಮಾರುವವರು ಅಷ್ಟಾಗಿ ಹೇಳುವುದಿಲ್ಲ.

ತೋಟದಲ್ಲೇನೋ ಸುಖವಾಯಿತು. ಹೈವೇಯಲ್ಲಿ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೇಲತೊಡಗಿತು. ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿರಲಿಲ್ಲ. ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಹುಡುಗ ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ, ಸರಿ ಮಾಡಿ, "ಹಸಿರು ಬಂತು ಸಾರ್" ಅಂದ. ಮೆಷಿನ್ ಪರದೆಯಲ್ಲಿ ಕ್ಯಾಸ್ಟರ್ ಅನ್ನುವ ಸಾಲು ಕೆಂಪಾಗಿಯೇ ಇತ್ತು. ಕೇಳಿದರೆ, "ಇದರಲ್ಲಿ ಅದು ಅಡ್ಜಸ್ಟ್ ಆಗಲ್ಲ ಸಾರ್." ಅವನು ಹೇಳಿದ್ದು ನಿಜವೇ.

ಸೈಕಲ್ಲಿನ ಮುಂದಿನ ಫೋರ್ಕ್ ನೆನಪಿಸಿಕೊಳ್ಳಿ. ಅದರ ಮೇಲ್ತುದಿ ಸವಾರನ ಕಡೆ ವಾಲಿರುತ್ತದೆ. ಆ ಓರೆಯೇ ಕ್ಯಾಸ್ಟರ್. ಚಕ್ರವನ್ನು ನೇರಕ್ಕೆ ಎಳೆಯುವುದು ಅದೇ. ಜಿಮ್ನಿಯ ಮುಂದಿನದು ಒಂದೇ ಗಟ್ಟಿ ಆಕ್ಸಲ್. ಅದನ್ನು ಹಿಡಿದಿರುವ ಎರಡು ತೋಳುಗಳು ಹಿಂದಕ್ಕೆ ಹೋಗಿ ಗಾಡಿಯ ಚೌಕಟ್ಟಾದ ಚಾಸಿಗೆ ಸೇರುತ್ತವೆ. ಚಾಸಿ ಮೇಲೆದ್ದರೆ ತೋಳಿನ ಹಿಂತುದಿಯೂ ಏಳುತ್ತದೆ. ಆಗ ಆಕ್ಸಲ್ ಮುಂದಕ್ಕೆ ಹೊರಳಿ ಆ ಓರೆ ಕಡಿಮೆಯಾಗುತ್ತದೆ. ಮೆಷಿನ್ ಮುಂದೆ ಎಷ್ಟು ಹೊತ್ತು ನಿಂತರೂ ಅದು ವಾಪಸ್ ಬರಲ್ಲ. ತೋಳಿನ ಕೀಲಿನಲ್ಲಿರುವ ಬುಷ್ ಬದಲಾಯಿಸಬೇಕು.

ಇನ್ನೊಂದು ಕಿತಾಪತಿ ಇದೆ. ಆಕ್ಸಲ್ ಅಡ್ಡ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಒಂದಿದೆ. ಅದರ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಗಾಡಿ ಎದ್ದಷ್ಟೂ ರಾಡ್ ಓರೆಯಾಗಿ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಗಾರೆ ಕೆಲಸದವರ ತೂಗುಗುಂಡನ್ನು ಎರಡೂ ಮಡ್‌ಗಾರ್ಡಿನಿಂದ ಇಳಿಬಿಟ್ಟು ಚಕ್ರ ಎಷ್ಟು ದೂರ ಇದೆ ನೋಡಿ, ಗೊತ್ತಾಗುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಸರಿಹೋಗುತ್ತದೆ. ಗಾಡಿ ಎತ್ತಿದಾಗ ಸ್ಟೇರಿಂಗ್ ಚಕ್ರವೂ ಸೊಟ್ಟಗಾಗುತ್ತದೆ. ಅದನ್ನು ಸ್ಟೇರಿಂಗ್‌ನಿಂದ ಚಕ್ರದ ಕಡೆ ಹೋಗುವ ಡ್ರ್ಯಾಗ್ ಲಿಂಕ್‌ನಲ್ಲಿ ನೆಟ್ಟಗೆ ಮಾಡಬೇಕು. ಸೊಟ್ಟಗಿದ್ದರೇನಂತೆ ಅಂತ ಬಿಡಬೇಡಿ. ನೇರ ಹೋಗುತ್ತಿದ್ದರೂ ಗಾಡಿ ತಿರುಗುತ್ತಿದೆ ಅಂತ, ಗಾಡಿ ಜಾರದಂತೆ ತಾನಾಗಿ ಬ್ರೇಕ್ ಹಾಕುವ ಇಎಸ್‌ಪಿ ತಪ್ಪು ತಿಳಿಯಬಹುದು.

2020ರಲ್ಲಿ ಬಂದ ಮಹೀಂದ್ರ ಥಾರ್‌ನ ಕಥೆ ಬೇರೆ. ಅದರ ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏಳುತ್ತವೆ, ಇಳಿಯುತ್ತವೆ. ಎತ್ತಿದರೆ ಟೋ ಮತ್ತು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಎರಡೂ ಕೆಡುತ್ತವೆ. ಹಾಗೇ ಓಡಿಸಿದರೆ ಟೈರಿನ ಒಂದೇ ಅಂಚು ಸವೆಯುತ್ತದೆ.

ಅಂದಹಾಗೆ, ಲಿಫ್ಟ್ ಹಾಕಿಸುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ.

ನನ್ನ ಗಾಡಿಗೆ ಕೊನೆಗೂ ಬುಷ್ ತರಿಸಿದೆ. ಅದರ ತೂತು ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕಿರುತ್ತದೆ. ಆಕ್ಸಲನ್ನು ಹಿಂದಕ್ಕೆ ಹೊರಳಿಸುವುದು ಅದೇ. ಮೆಕ್ಯಾನಿಕ್ ಉಲ್ಟಾ ಹಾಕಿದ. ಪಕ್ಕದಲ್ಲೇ ನಿಂತಿದ್ದ ನಾನೂ ಗಮನಿಸಲಿಲ್ಲ. ಗಾಡಿ ಮೊದಲಿಗಿಂತ ಜಾಸ್ತಿ ಅಲೆಯಿತು. ಪ್ರೆಸ್‌ನಲ್ಲಿ ಬುಷ್ ಕಳಚಿ, ತಿರುಗಿಸಿ ಹಾಕುವಷ್ಟರಲ್ಲಿ ಇನ್ನೊಂದು ಭಾನುವಾರ ಮುಗಿದಿತ್ತು.