ನೋವು ಸೊಂಟದಲ್ಲಿ, ಮರೆವು ಎಲ್ಲಿಂದ?

ಕೇಳುಗರಿಗೆಲ್ಲ ನಮಸ್ಕಾರ.

ವರ್ಷಗಟ್ಟಲೆ ಸೊಂಟನೋವು ಅನುಭವಿಸುವವರು ಡಾಕ್ಟರ ಮುಂದೆ ಎಲ್ಲವನ್ನೂ ಹೇಳುತ್ತಾರೆ, ಒಂದನ್ನು ಬಿಟ್ಟು. ಈಚೆಗೆ ಏನೂ ನೆನಪಲ್ಲಿ ನಿಲ್ಲುತ್ತಿಲ್ಲ ಅನ್ನುವುದನ್ನು. ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ. ಅಂಗಡಿಗೆ ಹೋದರೆ ಏನು ತರಬೇಕಿತ್ತು ಅಂತ ಹೊಳೆಯುವುದಿಲ್ಲ. ಮಕ್ಕಳು ಎರಡು ಸಲ ಕೇಳಿದರೆ ರೇಗುತ್ತದೆ. ಸೊಂಟಕ್ಕೂ ಮರೆವಿಗೂ ಏನು ಸಂಬಂಧ ಅಂದುಕೊಂಡು ಸುಮ್ಮನಾಗುತ್ತಾರೆ. ಸಂಬಂಧ ಇದೆ.

ಮೂರು ತಿಂಗಳಿಗಿಂತ ಜಾಸ್ತಿ ಉಳಿದ, ಇಲ್ಲವೇ ಮತ್ತೆ ಮತ್ತೆ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 62 ಕೋಟಿ ಜನರಿಗೆ ಸೊಂಟನೋವಿತ್ತು.

ನೋವಿನ ಕೆಲಸವೇ ನಮ್ಮ ಗಮನ ಸೆಳೆಯುವುದು. ಮುಳ್ಳು ಚುಚ್ಚಿದಾಗ ಕಾಲು ಹಿಂದಕ್ಕೆಳೆದುಕೊಳ್ಳುವುದು ಅದರಿಂದಲೇ. ಆದರೆ ದೀರ್ಘಕಾಲದ ನೋವು, ಅಡುಗೆ ಮಾಡುವಾಗ ಸೆರಗು ಜಗ್ಗುತ್ತಲೇ ಇರುವ ಮಗುವಿನ ಹಾಗೆ, ಒಂದು ಕ್ಷಣವೂ ಬಿಡುವುದಿಲ್ಲ. ಅರ್ಧ ಗಮನ ಅದಕ್ಕೇ ಹೋಗುತ್ತದೆ. ಉಳಿದ ಅರ್ಧದಲ್ಲಿ ಲೆಕ್ಕ ಹಾಕಬೇಕು, ಮಾತು ಕೇಳಬೇಕು, ಬಸ್ಸು ಓಡಿಸಬೇಕು. ಎಷ್ಟೋ ಸಲ ಆ ಮಾತು ಮರೆತದ್ದೇ ಅಲ್ಲ, ಮೊದಲಿಗೆ ಮನಸ್ಸಿನೊಳಗೆ ಇಳಿದೇ ಇರುವುದಿಲ್ಲ. ಇದನ್ನು ಮನೆಯವರು ತಿಳಿದುಕೊಂಡರೆ ಎಷ್ಟು ಜಗಳ ತಪ್ಪುತ್ತದೆ, ಅಲ್ವಾ?

ಇದು ಬರೀ ಊಹೆಯಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಸೊಂಟನೋವಿನ ರೋಗಿಗಳ ಮಿದುಳನ್ನು ಚಿಕಿತ್ಸೆಗೆ ಮೊದಲು ಸ್ಕ್ಯಾನ್ ಮಾಡಿ ನೋಡಿದರು, ಆರು ತಿಂಗಳಾದ ಮೇಲೆ ಮತ್ತೆ ನೋಡಿದರು. ಗಮನವಿಟ್ಟು ಕೆಲಸ ಮಾಡಲು ಬೇಕಾದ, ಮಿದುಳಿನ ಮುಂಭಾಗದ ಒಂದು ಪದರ ಈ ರೋಗಿಗಳಲ್ಲಿ ತೆಳುವಾಗಿತ್ತು. ಚಿಕಿತ್ಸೆಯ ನಂತರ ಅದು ದಪ್ಪವಾಗಿತ್ತು. ನೋವು ಎಷ್ಟು ಇಳಿದಿತ್ತೋ ಅಷ್ಟು ಸುಧಾರಣೆ. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ನೋಡಿದ್ದು ಕೆಲವೇ ರೋಗಿಗಳನ್ನು, ನಿಜ. ಆದರೂ ನನಗೆ ಇದು ತುಂಬಾ ಧೈರ್ಯ ಕೊಟ್ಟ ಸುದ್ದಿ. ನೋವಿನಿಂದ ಮಿದುಳಿನಲ್ಲಿ ಆದ ಬದಲಾವಣೆ ಕಾಯಂ ಆಗಿ ಉಳಿಯಲೇಬೇಕೆಂದಿಲ್ಲ.

ಇನ್ನು ಭಯದ ವಿಚಾರ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಡಿಸ್ಕ್ ಸವೆದಿದೆ' ಅಂತ ಓದಿದ ದಿನದಿಂದ ಎಷ್ಟೋ ಜನ ಬಗ್ಗುವುದನ್ನೇ ಬಿಡುತ್ತಾರೆ. ಆದರೆ ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಅಂಥ ಸವೆತ ಕಾಣುತ್ತದೆ. ಹೆದರಿ ಕೂತರೆ ಸ್ನಾಯುಗಳು ಸೋಲುತ್ತವೆ. ಮದುವೆ ಮುಂಜಿಗೆ ಹೋಗುವುದು ನಿಲ್ಲುತ್ತದೆ. ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮೈಗೆ ಮಾರನೆಯ ದಿನ ನೋವು ಇನ್ನೂ ಜಾಸ್ತಿ. ಹೀಗೇ ಖಿನ್ನತೆ ಒಳಗೆ ಬರುತ್ತದೆ. ಖಿನ್ನತೆ ಅಂದಮಾತ್ರಕ್ಕೆ ನೋವು ಸುಳ್ಳು ಅಂತಲ್ಲ. ಒಂದು ಇನ್ನೊಂದನ್ನು ಬೆಳೆಸುತ್ತದೆ, ಅಷ್ಟೆ.

ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ನಿದ್ದೆ, ಮರೆವು, ಬೇಸರ ಎಲ್ಲವನ್ನೂ ಹೇಳಿ. ನೋವಿಗೆ ಕೆಲವೊಮ್ಮೆ ಖಿನ್ನತೆಯ ಮಾತ್ರೆಯನ್ನೇ ಬರೆದುಕೊಡುತ್ತಾರೆ. ಅದರಿಂದ ನೊಂದುಕೊಳ್ಳಬೇಡಿ, ನಿಮಗೆ ಹುಚ್ಚು ಅಂತ ಯಾರೂ ಹೇಳುತ್ತಿಲ್ಲ. ನೋವಿನ ಸಂದೇಶ ಸಾಗುವ ನರಗಳ ಮೇಲೂ ಆ ಮಾತ್ರೆಗಳಲ್ಲಿ ಕೆಲವು ಕೆಲಸ ಮಾಡುತ್ತವೆ. ಫಿಸಿಯೋಥೆರಪಿಯವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ನಡಿಗೆ, ವ್ಯಾಯಾಮ ಹೆಚ್ಚಿಸಿ. ನೋವು ಕಡಿಮೆ ಇರುವ ದಿನವೇ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗಬೇಡಿ.

ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಅವತ್ತೇ ಹೋಗಿ. ಮನಸ್ಸು ತೀರಾ ಕುಗ್ಗಿದರೆ ಟೆಲಿಮಾನಸ್ ಸಹಾಯವಾಣಿ ಇದೆ, ನಂಬರು 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮಸ್ಕಾರ.