ಸಣ್ಣ ಕೆಲಸ, ಉದ್ದ ದಾರಿ

ಕೇಳುಗರಿಗೆ ನಮಸ್ಕಾರ.

ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅಂತೀವಲ್ಲ, ಹಾಗೆ ಸುತ್ತಿ ಬಳಸಿ ಕೆಲಸ ಮಾಡುವ ಯಂತ್ರಕ್ಕೆ ಅಮೆರಿಕದಲ್ಲಿ ಒಬ್ಬರ ಹೆಸರೇ ವಿಶೇಷಣ: ರೂಬ್ ಗೋಲ್ಡ್‌ಬರ್ಗ್. 1931ರಲ್ಲಿ, ಅವರು ಬದುಕಿದ್ದಾಗಲೇ, ಅದು ಮೆರಿಯಮ್-ವೆಬ್‌ಸ್ಟರ್ ನಿಘಂಟು ಸೇರಿತು.

ಅವರು ವ್ಯಂಗ್ಯಚಿತ್ರಕಾರರು. ಆದರೆ ಓದಿದ್ದು ಎಂಜಿನಿಯರಿಂಗ್. 1904ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರು-ಒಳಚರಂಡಿ ವಿಭಾಗಕ್ಕೆ ಸೇರಿ, ಕೆಲವೇ ತಿಂಗಳಲ್ಲಿ ಬಿಟ್ಟು ಪತ್ರಿಕೆಗೆ ಹೋದರು.

ಅವರು ಚಿತ್ರದಲ್ಲಿ ಬರೆದ ಬಾಯಿ ಒರೆಸುವ ಯಂತ್ರ ನನಗೆ ಅಚ್ಚುಮೆಚ್ಚು. ನಿಧಾನವಾಗಿ ಹೇಳುತ್ತೇನೆ, ಕಣ್ಮುಂದೆ ತಂದುಕೊಳ್ಳಿ. ಒಬ್ಬ ಮನುಷ್ಯ ಸೂಪು ಕುಡಿಯಲು ಚಮಚ ಎತ್ತುತ್ತಾನೆ. ಚಮಚಕ್ಕೆ ಕಟ್ಟಿದ ದಾರ ಒಂದು ಸೌಟನ್ನು ಜಗ್ಗುತ್ತದೆ. ಸೌಟಿನಲ್ಲಿದ್ದ ಬಿಸ್ಕತ್ತು ಗಿಳಿಯ ಮುಂದೆ ಹಾರಿ ಹೋಗುತ್ತದೆ. ಗಿಳಿ ಅದರ ಹಿಂದೆಯೇ ಜಿಗಿಯುತ್ತದೆ. ಅದು ಕೂತಿದ್ದ ಕೋಲು ವಾಲಿ, ಅಲ್ಲಿದ್ದ ಕಾಳೆಲ್ಲ ಬಕೆಟ್ಟಿಗೆ ಸುರಿಯುತ್ತದೆ. ಬಕೆಟ್ಟಿನ ಭಾರಕ್ಕೆ ಹಗ್ಗ ಎಳೆದು ಸಿಗಾರ್ ಲೈಟರ್ ಹೊತ್ತಿಕೊಳ್ಳುತ್ತದೆ. ಆ ಕಿಡಿಗೆ ರಾಕೆಟ್ ಹಾರುತ್ತದೆ, ರಾಕೆಟ್ಟಿನಿಂದ ಕುಡುಗೋಲು ಎಳೆದು ಇನ್ನೊಂದು ದಾರ ಕತ್ತರಿಸುತ್ತದೆ. ಆಗ ಕರವಸ್ತ್ರ ಕಟ್ಟಿದ ಲೋಲಕ ಅತ್ತಿತ್ತ ತೂಗಿ ಗಲ್ಲ ಒರೆಸುತ್ತದೆ!

ಗಮನಿಸಿ, ಇದರಲ್ಲಿ ಮಂತ್ರವಿಲ್ಲ, ಮಾಯವಿಲ್ಲ. ಭಾರ ಬಿದ್ದರೆ ಹಗ್ಗ ಎಳೆಯುತ್ತದೆ, ದಾರ ಕಡಿದರೆ ಲೋಲಕ ತೂಗುತ್ತದೆ. ಪ್ರತಿ ಕೊಂಡಿಗೂ ಕಾರಣವಿದೆ. ಕೆಲಸ ಮಾತ್ರ ಸಣ್ಣದು, ದಾರಿ ಉದ್ದ. ಇದು ಎಂಜಿನಿಯರ್ ಕೈಯಿಂದ ಮಾತ್ರ ಬರುವ ಹಾಸ್ಯ.

ಅದಕ್ಕೇ, ಅರ್ಥವಾಗದ ಯಂತ್ರಕ್ಕೆಲ್ಲ ಈ ಹೆಸರು ಅಂಟಿಸುವುದನ್ನು ದಯವಿಟ್ಟು ಬಿಡಿ. ವಿಮಾನದ ಎಂಜಿನ್ ಜಟಿಲ, ಒಪ್ಪುತ್ತೇನೆ. ಆದರೆ ಅದರ ಕೆಲಸವೂ ದೊಡ್ಡದು! ಕೆಲಸ ಸಣ್ಣದಿರಬೇಕು, ದಾರಿ ಉದ್ದವಿರಬೇಕು. ಎರಡೂ ಇದ್ದರೆ ಮಾತ್ರ ಅದು ಗೋಲ್ಡ್‌ಬರ್ಗ್ ಯಂತ್ರ.

ಸಮಯ ಓಡುತ್ತಿದೆ. 1948ರಲ್ಲಿ ಅಣುಬಾಂಬಿನ ಕುರಿತ ಚಿತ್ರಕ್ಕೆ ಅವರಿಗೆ ಅಮೆರಿಕದ ಪತ್ರಿಕಾ ಲೋಕದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು. ಬ್ರಿಟನ್ನಿನವರು ಇಂಥ ಯಂತ್ರಕ್ಕೆ ತಮ್ಮದೇ ಚಿತ್ರಕಾರ ಹೀತ್ ರಾಬಿನ್ಸನ್ ಹೆಸರು ಹೇಳುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಇಂಥವನ್ನೇ ಕಟ್ಟುವ ಸ್ಪರ್ಧೆ ನಡೆಸಿದರು. ಕೇಳುತ್ತಿರುವ ಮಕ್ಕಳೇ, ದಾರ, ಗೋಲಿ, ಖಾಲಿ ಡಬ್ಬಿ ಸಾಕು, ಈ ಭಾನುವಾರವೇ ಒಂದು ಕಟ್ಟಿ ನೋಡಿ. ದೀಪದ ಸ್ವಿಚ್ ಒತ್ತುವ ಯಂತ್ರದಿಂದ ಶುರುಮಾಡಿ. ನಮಸ್ಕಾರ.